ಒಂದು ಚಿಟಿಕೆ ಮೈಲುತುತ್ತ

ದುಗ್ಗಪ್ಪ ಬೆಳಗಿನಿಂದ ಮೂರನೆಯ ಸಲ ಗಾಜು ಉಜ್ಜುತ್ತಿದ್ದ. ಕೈಯಲ್ಲಿದ್ದ ತೆಂಗಿನ ನಾರು ಸವೆಯಿತೇ ಹೊರತು ಆ ದರಿದ್ರ ಪಾಚಿ ಜಪ್ಪಯ್ಯ ಅಂದರೂ ಬಿಡಲೊಲ್ಲದು. ಇವತ್ತು ಕೆರೆದು ತೆಗೆದರೆ ನಾಳೆ ಮತ್ತೆ ಹಸಿರು ಕೂದಲು ಬಿಟ್ಟುಕೊಂಡು ನಿಂತಿರುತ್ತದೆ. ಘಟ್ಟದ ಮೇಲಿನ ಕಾರ್ಗಲ್ಲಿನಲ್ಲಿ ಕೂತು ಕಡಲು ಸಾಕುತ್ತೇನೆಂದು ಹೊರಟ ಇಂಜಿನಿಯರ್ ಸಾಹೇಬರ ಹುಚ್ಚಿಗೆ ಏನನ್ನಬೇಕು!

ಬಂಗಲೆಯ ಜಗಲಿಯಲ್ಲಿ ಆಳುದ್ದದ ಗಾಜಿನ ತೊಟ್ಟಿ. ಒಳಗೆ ಪಟ್ಟೆಪಟ್ಟೆ ಮೀನು, ಶಂಖ ಹೊತ್ತು ತಿರುಗುವ ನಾಲ್ಕು ಏಡಿ, ಕಲ್ಲಿಗೆ ಕಚ್ಚಿಕೊಂಡು ಬೆರಳು ಬೆರಳಾಗಿ ಅರಳುವ ಒಂದು ಜೀವ. ಅದನ್ನು ಅಮ್ಮಾವರು ಕಡಲಹೂವು ಎನ್ನುತ್ತಿದ್ದರು, ಹೊತ್ತು ಹೊತ್ತಿಗೆ ಬಂದು ಮಾತಾಡಿಸುತ್ತಿದ್ದರು. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲ. ಹಾಗಾಗಿ ಇಳಿದಷ್ಟಕ್ಕೆ ಬಾವಿಯ ಸಿಹಿನೀರನ್ನೇ ಹುಯ್ಯಬೇಕು ಎಂದು ಸಾಹೇಬರು ಕಲಿಸಿದ್ದರು. ಉಪ್ಪು ಅಳೆಯಲು ಅವರು ಗಾಜಿನ ಕಡ್ಡಿ ತೇಲಿಬಿಟ್ಟರೆ ದುಗ್ಗಪ್ಪ ನಾಲಿಗೆಗೆ ಹನಿ ಹಚ್ಚಿಕೊಂಡೇ ಹೇಳುತ್ತಿದ್ದ. ಕಡ್ಡಿಯೂ ಅವನೂ ಒಂದೇ ಮಾತು ಹೇಳಿದಾಗ ಸಾಹೇಬರಿಗೇ ನಗು ಬರುತ್ತಿತ್ತು.

ಅವನಿಗೆ ನಗು ಬರುತ್ತಿರಲಿಲ್ಲ. ಗೇಣಿಗೆ ಮಾಡುತ್ತಿದ್ದ ತೋಟ ಶರಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದಾಗ ಪರಿಹಾರವೆಲ್ಲ ಒಡೆಯರ ಪಾಲಾಗಿ, ಅವನ ಪಾಲಿಗೆ ಉಳಿದದ್ದು ಈ ದಿನಗೂಲಿ. ಇವತ್ತು ಇದೆ, ನಾಳೆ ಬೇಡ ಅಂದರೆ ಬೇಡ.

"ಭಾನುವಾರ ಬೆಂಗಳೂರಿಂದ ದೊಡ್ಡ ಸಾಹೇಬರು ಬರ್ತಾರೆ," ಎಂದರು ಇಂಜಿನಿಯರು. "ಗಾಜು ಫಳಫಳ ಅನ್ನಬೇಕು. ಖಾಯಂ ಮಾಡೋರ ಪಟ್ಟಿಗೆ ಅವತ್ತೇ ಸಹಿ. ನಿನ್ನ ಹೆಸರು ಬರೆಯೋದೋ ಬಿಡೋದೋ ನೀನೇ ತೋರಿಸು."

"ಬಿಸ್ಲು ಬೀಳೋ ಕಡೆ ಗೋಣಿ ಕಟ್ಟಿ, ಮೀನಿಗೆ ಹಾಕೋದು ಕಮ್ಮಿ ಮಾಡಿದ್ರೆ ತಿಂಗ್ಳಲ್ಲಿ ತಾನೇ ಹೋಗ್ತದೆ ಸ್ವಾಮಿ."

"ತಿಂಗಳಾ? ನಾಲ್ಕು ದಿನ ಇದೆ ಕಣಯ್ಯಾ!"

ನಾಲ್ಕು ದಿನ! ದುಗ್ಗಪ್ಪನಿಗೆ ತೋಟದ ಕೆರೆ ನೆನಪಾಯಿತು. ಅಡಿಕೆಗೆ ಔಷಧಿ ಹೊಡೆದು ಮೈಲುತುತ್ತದ ಹಂಡೆಯನ್ನು ಅದರಲ್ಲಿ ತೊಳೆದಾಗಲೆಲ್ಲ ದಂಡೆಯ ಪಾಚಿ ಸುಟ್ಟುಹೋಗುತ್ತಿತ್ತು, ಮೀನುಗಳು ಮಾತ್ರ ಆರಾಮಾಗಿ ಓಡಾಡುತ್ತಿದ್ದವು. ಅಂಗಡಿಯಿಂದ ಚೂರು ಮೈಲುತುತ್ತ ತಂದು ಪುಡಿಮಾಡಿ, ಚಿಟಿಕೆಯಷ್ಟನ್ನು ಬಟ್ಟೆಯಲ್ಲಿ ಗಂಟುಕಟ್ಟಿ ತೊಟ್ಟಿಯ ಮೂಲೆಯಲ್ಲಿ ಇಳಿಬಿಟ್ಟ. ಪುಡಿ ಕರಗಿದ ಮೇಲೆ ಬಟ್ಟೆ ತೆಗೆದು ಬಿಸಾಡಿದ, ಹೆಂಡತಿ ಕೆರಿಯಮ್ಮನಿಗೂ ಹೇಳಲಿಲ್ಲ.

ಶನಿವಾರ ಬೆಳ್ಳಪ್ಪ ಹೊನ್ನಾವರದಿಂದ ಎರಡು ಡ್ರಮ್ಮು ಕಡಲನೀರು ತಂದ. ತಿಂಗಳಿಗೊಮ್ಮೆ ಲಾರಿಯಲ್ಲಿ ಹೋಗಿ ನೀರು ತರುವುದು ಅವನ ಕೆಲಸ. ದುಗ್ಗಪ್ಪನ ಊರಿನವನೇ, ಈ ಬಂಗಲೆಯ ಕೆಲಸ ಕೊಡಿಸಿದವನೂ ಅವನೇ. ತೊಟ್ಟಿ ನೋಡಿ ಕಣ್ಣು ಬಿಟ್ಟ.

"ಎಂತ ಮಾಡ್ದೆ ಮಾರಾಯ? ಗಾಜೇ ಇಲ್ಲೇನೋ ಅನ್ನಿಸ್ತದಲ್ಲ!"

"ಉಜ್ಜಿದೆ," ಎಂದ ದುಗ್ಗಪ್ಪ.

ಇಬ್ಬರೂ ಸೇರಿ ಹೊಸ ನೀರು ಹುಯ್ದರು. ಭಾನುವಾರ ದೊಡ್ಡ ಸಾಹೇಬರು ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿದು, ಭೇಷ್ ಅಂದು ಹೋದರು. ದುಗ್ಗಪ್ಪನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಸೋಮವಾರ ಬೆಳಗ್ಗೆ ಅಮ್ಮಾವರು ಕೂಗಿಕೊಂಡರು. ಮೀನು ಈಜುತ್ತಿದ್ದವು. ಏಡಿಗಳು ಮಾತ್ರ ಶಂಖ ಬಿಟ್ಟು ಹೊರಬಿದ್ದಿದ್ದವು. ಕಡಲಹೂವು ಲೋಳೆಯಾಗಿ ಕಲ್ಲಿನಿಂದ ಕಳಚಿ ನಾರುತ್ತಿತ್ತು. ಸಾಹೇಬರು ಕಡ್ಡಿ ತೇಲಿಬಿಟ್ಟು ನೋಡಿದರು. ಉಪ್ಪು ಸರಿಯಾಗಿಯೇ ಇತ್ತು. ಸೀದಾ ಹಿತ್ತಲಿಗೆ ಹೋಗಿ ಖಾಲಿ ಡ್ರಮ್ಮಿಗೆ ಮೂಗು ಹಚ್ಚಿದರು. ಬೆಳ್ಳಪ್ಪನಿಗೆ ಬುಲಾವು ಹೋಯಿತು.

"ಡೀಸೆಲ್ ತುಂಬಿದ್ದ ಡ್ರಮ್ಮೇನೋ ಇದು?"

"ಯಾವಾಗ್ಲೂ ಇದ್ರಲ್ಲೇ ತರೋದು ಸ್ವಾಮಿ. ಮೂರ್ಮೂರು ಸಲ ತೊಳ್ದೀನಿ, ದೇವ್ರಾಣೆ."

ಸಾಹೇಬರು ಈ ಕಡೆ ತಿರುಗಿದರು. "ನೀನು ಹೇಳೋ. ನೀರು ಹುಯ್ಯುವಾಗ ವಾಸನೆ ಇತ್ತೋ ಇಲ್ಲವೋ?"

ವಾಸನೆಯೇನೂ ಇರಲಿಲ್ಲ, ನೀರಿನಲ್ಲಿ ಇದ್ದದ್ದು ತನ್ನ ಮೈಲುತುತ್ತ ಎಂದು ದುಗ್ಗಪ್ಪನಿಗೆ ಗೊತ್ತಿತ್ತು. ಪಟ್ಟಿಗೆ ಸಹಿ ಬಿದ್ದಿತ್ತು, ಆರ್ಡರು ಇನ್ನೂ ಕೈಗೆ ಬಂದಿರಲಿಲ್ಲ. ಬೆಳ್ಳಪ್ಪ ಅವನ ಮುಖವನ್ನೇ ನೋಡುತ್ತಿದ್ದ, ಗೆಳೆಯ ಬಾಯಿಬಿಟ್ಟರೆ ಸಾಕು ತಾನು ಬಚಾವು ಎಂಬ ಧೈರ್ಯದಲ್ಲಿ.

"ಸ್ವಲ್ಪ... ಇದ್ದಂಗಿತ್ತು ಸ್ವಾಮಿ."

ಆಡಿಬಿಟ್ಟ. ಹುಳ ಬೀಳಲಿ ಈ ಬಾಯಿಗೆ ಎಂದು ಆ ಕ್ಷಣವೇ ಅನ್ನಿಸಿತು, ಆದರೆ ಬಾಯಿ ಮತ್ತೆ ತೆರೆಯಲಿಲ್ಲ.

ಬೆಳ್ಳಪ್ಪನನ್ನು ಅವತ್ತೇ ತೆಗೆದರು. ಕೋಣಂದೂರಿನಲ್ಲಿ ಭಾವನ ಮನೆಯಿತ್ತು, ಅಲ್ಲಿಗೆ ಹೊರಟ. ಹೊರಡುವ ದಿನ ಅವನೇ ದುಗ್ಗಪ್ಪನನ್ನು ಹುಡುಕಿಕೊಂಡು ಬಂದ.

"ನೀ ಎಂತ ಮಾಡ್ತೀಯ, ಸಾಹೇಬ್ರು ಕೇಳಿದ್ರೆ ಇದ್ದದ್ದು ಹೇಳ್ಲೇಬೇಕಲ್ಲ. ನಾನೇ ಸರಿ ತೊಳ್ದಿರ್ಲಿಲ್ವೇನೋ. ನೀನಾದ್ರೂ ಖಾಯಂ ಆದ್ಯಲ್ಲ, ಅಷ್ಟು ಸಾಕು."

ಬಯ್ದಿದ್ದರೆ, ಎರಡು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ದುಗ್ಗಪ್ಪ ತಲೆಯಾಡಿಸಿದ.

ಆರ್ಡರಿನ ಜೊತೆಗೆ ಕೆಲಸಗಾರರ ಸಾಲಿನಲ್ಲಿ ಒಂದು ಲೈನುಮನೆಯೂ ಬಂತು. ಅದು ಬೆಳ್ಳಪ್ಪ ಬಿಟ್ಟುಹೋದ ಮನೆ. ಕೆರಿಯಮ್ಮ ತಲೆಯ ಮೇಲೆ ಪಾತ್ರೆಬುಟ್ಟಿ ಹೊತ್ತು ಹಿಗ್ಗಿನಲ್ಲಿ ಮುಂದೆ ನಡೆದು ಬಾಗಿಲು ತೆಗೆದಳು.

"ಇಲ್ನೋಡಿ, ಆ ಕನ್ನಮ್ಮ ಎಂಥ ಪುಣ್ಯಾತ್ಗಿತ್ತಿ! ಗಂಡನ್ನ ಕಟ್ಕೊಂಡು ಅಷ್ಟು ಸಂಕಟದಲ್ಲಿ ಹೋಗುವಾಗ್ಲೂ ಬರೋರಿಗೆ ಅಂತ ನೆಲ ಸಾರ್ಸಿ, ಒಲೆಗೆ ರಂಗೋಲಿ ಇಟ್ಟು ಹೋಗ್ಯಾಳೆ. ಬನ್ನಿ ಒಳಗೆ."

ದುಗ್ಗಪ್ಪ ಹೊಸಿಲಿನ ಆಚೆಯೇ ನಿಂತಿದ್ದ.

"ಒಣಗ್ಲಿ ಇರು," ಎಂದ.

ಕೆರಿಯಮ್ಮ ಬಗ್ಗಿ ನೆಲಕ್ಕೆ ಅಂಗೈ ಊರಿ ನೋಡಿದಳು. "ಎಂತದು ಒಣಗೋದು? ಸಾರ್ಸಿ ಮೂರು ದಿನ ಆಗಿದೆ."

ಅವನು ಚಪ್ಪಲಿ ಬಿಟ್ಟು, ಗಂಟುಮೂಟೆ ಕೆಳಗಿಳಿಸದೆ, ಅಲ್ಲೇ ನಿಂತುಕೊಂಡ.