ಮ್ಯಾನೇಜರ್ ಮೇಡಂ ಇಟ್ಟ ಚುಕ್ಕೆ

ನಾನು ಲೇಬಲ್ ಮುದ್ರಿಸುವ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಜಾಮಿನ ಬಾಟಲಿ, ಶಾಂಪೂ, ಇಲಿ ಪಾಷಾಣ, ಯಾವುದರ ಮೇಲೆ ಏನು ಬರೆದಿದ್ದರೂ ಅದು ನನ್ನ ಕಣ್ಣು ದಾಟಿಯೇ ಯಂತ್ರಕ್ಕೆ ಹೋಗಬೇಕು. ಹತ್ತೊಂಬತ್ತು ವರ್ಷದಿಂದ ಯಾರನ್ನೂ ಏನನ್ನೂ ಕೇಳದೆ ಕೆಲಸ ಮಾಡಿದವನು ಎಂಬ ಜಂಭ ಬೇರೆ. ಕೇಳುವವನು ದಡ್ಡ ಎಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತಕ್ಕಿಷ್ಟು ಬೆಂಕಿ ಹಾಕ!

ಎಂಟು ತಿಂಗಳ ಹಿಂದೆ ಹೊಸ ಮ್ಯಾನೇಜರ್ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕ ಹೆಣ್ಣುಮಗಳು. ಮೊದಲ ವಾರ ನಗುತ್ತಲೇ ಮಾತಾಡಿಸಿದರು. ಆಮೇಲೆ ಏನಾಯಿತೋ, ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. ನಾನೇನು ಕಡಿಮೆಯೇ? ಮುಖ ಗಂಟು ಹಾಕಿಕೊಂಡು ಓಡಾಡಿದೆ.

ಸೋಮವಾರ ನಮ್ಮ ಬೈಂಡರ್ ಬಂದು ಕಿವಿಯಲ್ಲಿ ಊದಿದ. "ಅಣ್ಣಾ, ನಿನ್ನನ್ನ ಗೋಡೌನಿಗೆ ಹಾಕ್ತಾರಂತೆ. ಶನಿವಾರ ವರ್ಗಾವಣೆ ಪಟ್ಟಿ ಅಂಟಿಸ್ತಾರೆ."

ಗೋಡೌನ್ ಎಂದರೆ ಮೂರಾಳೆತ್ತರ ಕಾಗದ, ಅದರ ಧೂಳು. ನನಗೋ ಉಬ್ಬಸ. ಅಲ್ಲಿ ಒಂದು ತಿಂಗಳು ಇದ್ದರೆ ನನ್ನ ಕಥೆ ಮುಗಿದಂತೆಯೇ.

ಮನೆಗೆ ಬಂದು ಹೆಂಡತಿಯ ಮುಂದೆ ಗೋಳಾಡಿದೆ. "ಮ್ಯಾನೇಜರ್ ಮೇಡಂಗೆ ನನ್ನ ಕಂಡ್ರೆ ಆಗಲ್ಲ ಕಣೇ."

"ಯಾಕಾಗಲ್ಲ ಅಂತ ಕೇಳಿದ್ರಾ?"

"ನಾನ್ಯಾಕೆ ಕೇಳ್ಲಿ?"

"ಅಯ್ಯೋ ನನ್ನ ಕರ್ಮವೇ! ಬಾಯಿರೋದು ಬರೀ ಊಟಕ್ಕಾ? ನಾಳೆಯಿಂದ ದಿನಕ್ಕೊಂದು ಪ್ರಶ್ನೆ ಕೇಳಿ. ಏನಾದ್ರೂ ಸರಿ."

ಮಂಗಳವಾರ ಅವರ ಕೋಣೆಗೆ ಹೋಗಿ, "ಮೇಡಂ, ಫ್ಯಾನ್ ಜೋರಾಯ್ತಾ?" ಎಂದೆ. ಅದು ಕೆಟ್ಟು ಮೂರು ದಿನವಾಗಿತ್ತು. ಬುಧವಾರ, "ಊಟ ಆಯ್ತಾ ಮೇಡಂ?" ಎಂದೆ. ಆಗ ಬೆಳಿಗ್ಗೆ ಒಂಬತ್ತೂವರೆ. ಗುರುವಾರದ ಹೊತ್ತಿಗೆ ನನ್ನ ಬತ್ತಳಿಕೆ ಖಾಲಿ. ಅವರು ನೋಡಿ ವಾಪಸು ಕೊಟ್ಟಿದ್ದ ಕರಡು ಕೈಯಲ್ಲಿತ್ತು, ಅದನ್ನೇ ನೋಡಿ ಬಾಯಿಗೆ ಬಂದದ್ದು ಕೇಳಿದೆ.

"ಮೇಡಂ, ಅಂಚಲ್ಲಿ ಪೆನ್ಸಿಲ್ ಚುಕ್ಕೆ ಇಡ್ತೀರಲ್ಲ, ಸ್ವಲ್ಪ ಮೆಲ್ಲಗೆ ಇಡ್ತೀರಾ? ಅಳಿಸೋಕೆ ಕಷ್ಟ ಆಗುತ್ತೆ."

"ಅಳಿಸೋಕಾ?"

"ಹೂಂ. ನೋಡಾಯ್ತು, ಎಲ್ಲಾ ಸರಿ ಇದೆ ಅಂತ ತಾನೆ ಚುಕ್ಕೆ? ಒಂದನ್ನೂ ಬಿಡದೆ ಅಳಿಸೇ ಯಂತ್ರಕ್ಕೆ ಕಳಿಸ್ತೀನಿ. ಗುರುತೂ ಉಳಿಯಲ್ಲ!" ಎಂದು ಎದೆಯುಬ್ಬಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅನುಮಾನ ಇರೋ ಕಡೆ ಚುಕ್ಕೆ ಇಡ್ತೀನಿ. ನೀವು ಬಂದು ಕೇಳ್ತೀರಿ, ಇಬ್ರೂ ಕೂತು ನೋಡೋಣ ಅಂತ. ಹಿಂದಿನ ಪ್ರೆಸ್ಸಲ್ಲಿ ಹಾಗೇ ಮಾಡ್ತಿದ್ವಿ. ಕೆಂಪು ಗೀಟು ಎಳೆದ್ರೆ ಇಷ್ಟು ವರ್ಷ ದುಡಿದವರಿಗೆ ಅವಮಾನ ಆಗುತ್ತೆ ಅಂತ ಪೆನ್ಸಿಲ್ ಹಿಡಿದೆ. ನೀವು ಉಜ್ಜಿ ಉಜ್ಜಿ ಅಳಿಸ್ತಿದ್ರಿ. ಆಮೇಲೆ ನಾನೇ ಮೆಷಿನ್ ಹತ್ರ ಓಡಿ ತಿದ್ದಿಸ್ತಿದ್ದೆ. ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ ಅಂದ್ಕೊಂಡೆ."

"ಒಂದ್ಮಾತು ಕೇಳಬಹುದಿತ್ತಲ್ಲ ಮೇಡಂ?"

"ನಿಮ್ಮ ಮುಖ ನೋಡಿದ್ರೆ ಭಯ ಆಗ್ತಿತ್ತು."

ಇಂಗು ತಿಂದ ಮಂಗನಂತಾದೆ. ನನ್ನ ಮುಖಕ್ಕೆ ಹೆದರುವವರೂ ಇದ್ದಾರೆ! ಮನೆಯಲ್ಲಿ ಬೆಕ್ಕು ಕೂಡ ಹೆದರುವುದಿಲ್ಲ. ನಗು ಬಂತು, ಅದರ ಹಿಂದೆಯೇ ನಾಚಿಕೆ ಬಂತು. "ತಪ್ಪಾಯ್ತು ಮೇಡಂ," ಎಂದೆ. ಆ ಪದವೂ ನನ್ನ ಬಾಯಿಗೆ ಹೊಸದು.

ಅವರು ಡ್ರಾಯರಿನಿಂದ ಶನಿವಾರದ ಪಟ್ಟಿ ತೆಗೆದರು. ಇನ್ನೂ ಸಹಿ ಬಿದ್ದಿರಲಿಲ್ಲ. ಮೂರನೆಯ ಸಾಲಿನಲ್ಲಿ ನನ್ನ ಹೆಸರು, ಎದುರಿಗೆ ಗೋಡೌನ್. ಪೆನ್ಸಿಲ್ ಹಿಡಿದು ಆ ಸಾಲಿನ ಅಂಚಿಗೆ ಒಂದು ಚುಕ್ಕೆ ಇಟ್ಟು, ಕಾಗದವನ್ನು ನನ್ನ ಕಡೆ ತಳ್ಳಿದರು.

ಹಾಳು ಚಟ, ನನ್ನ ಕೈ ಜೇಬಿನ ರಬ್ಬರಿಗೆ ಹೋಯಿತು. ಕೈಯನ್ನು ಗದರಿಸಿ ಹೊರಗೆಳೆದೆ. ಕುರ್ಚಿ ಎಳೆದು ಕುಳಿತೆ. ಎಂಟು ತಿಂಗಳಲ್ಲಿ ಅದರ ಮೇಲೆ ಕೂತದ್ದು ಅದೇ ಮೊದಲು.

"ಮೇಡಂ, ಇಲ್ಲೇನು ಅನುಮಾನ?"

"ಈ ಹೆಸರು ಇಲ್ಲಿರೋದು ಸರೀನಾ ಅಂತ."

"ಸರಿಯಿಲ್ಲ ಮೇಡಂ. ನನಗೆ ಉಬ್ಬಸ ಇದೆ. ಧೂಳು ಆಗಲ್ಲ."

"ಅಯ್ಯೋ, ಇದನ್ನ ಮೊದಲೇ ಹೇಳೋದಲ್ವಾ?"

ಅವರು ಕೆಂಪು ಪೆನ್ನು ತೆಗೆದು, ನನ್ನ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪಗೆ ಗೀಟೆಳೆದರು. ನನಗೇನೂ ಅವಮಾನವಾಗಲಿಲ್ಲ.