ಲ್ಯಾಪ್‌ಟಾಪಿನ ಬೆನ್ನಿಗೊಂದು ಬಿದರಿ ಫಲಕ

ಕಾಲೇಜು ನೌಕರಿಯ ಆನ್‌ಲೈನ್ ಸಂದರ್ಶನದ ಹೊತ್ತು ಬಂದೇಬಿಟ್ಟಿತ್ತು. ಗಾರ್ಗಿಯ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ಲು ಒಂದೇ ಕಡ್ಡಿ. ಹಳೇ ವೈಫೈ ಕಾರ್ಡು ಕೆಟ್ಟಿದೆಯೆಂದು ಭಾಲ್ಕಿಗೆ ಹೋಗಿ ಹೊಸದು ಹಾಕಿಸಿಕೊಂಡು ಬಂದಿದ್ದಳು. ಅಂಗಡಿಯಲ್ಲಿ ಹಳೇದು, ಹೊಸದು ಎರಡನ್ನೂ ಹಾಕಿ ನೋಡಿದಾಗ ಎರಡಕ್ಕೂ ಕಡ್ಡಿ ತುಂಬಿದ್ದವು; ಆದರೂ ಇರಲೆಂದು ಹೊಸದನ್ನೇ ಉಳಿಸಿಕೊಂಡಿದ್ದಳು. ಔರಾದಿನ ಈ ಮನೆಯಲ್ಲಿ ಮಾತ್ರ ಎರಡರದೂ ಒಂದೇ ಹಣೆಬರಹ. ಪಕ್ಕದಲ್ಲಿದ್ದ ಮಾವನ ಫೋನಿಗೆ ಅದೇ ವೈಫೈ ಭರ್ತಿ ಸಿಗುತ್ತಿತ್ತು.

ಅಂಗಡಿಯಲ್ಲಿ ಇಲ್ಲದ್ದು ಇಲ್ಲೇನಿದೆ?

ಅವಳ ಕಣ್ಣು ಮುಚ್ಚಳದ ಬೆನ್ನಿಗೆ ಹೋಯಿತು. ಸೊಸೆಗೆ ದೃಷ್ಟಿ ತಾಗಬಾರದೆಂದು ಮಾವ ಭಾಲಚಂದ್ರರಾಯರು ಬೀದರಿನಲ್ಲಿ ಮಾಡಿಸಿ ತಂದ ಅಗಲ ಬಿದರಿ ಫಲಕ. ಗೀರು ಬಿದ್ದೀತೆಂದು ಭಾಲ್ಕಿಗೆ ಹೋಗುವಾಗ ಅವಳು ಕಿತ್ತಿಟ್ಟಿದ್ದಳು. ಬಂದ ಕೂಡಲೇ ಮಾವ ಮತ್ತೆ ಅಂಟಿಸಿದ್ದರು. ವೈಫೈ ಆಂಟೆನಾ ಇರುವುದು ಮುಚ್ಚಳದೊಳಗೇ; ಆ ಲೋಹವೇ ಸಿಗ್ನಲ್ಲಿಗೆ ಅಡ್ಡ ನಿಂತಿತ್ತು. ಹೇಳಿದರೆ ಮಾವನ ಮಾರಿ ಸಣ್ಣದಾಗುತ್ತದೆ, ಹೇಳದಿದ್ದರೆ ನೌಕರಿ ಹೋಗುತ್ತದೆ.

"ಮಾವಾರ, ಸಂದರ್ಶನ ಮುಗಿಯೂತನಕ ಇದನ್ನ ದೇವರ ಮುಂದ ಇಡ್ರಿ," ಎಂದು ಕಿತ್ತು ಕೊಟ್ಟಳು.

ಅವರು ದೇವರ ಕೋಣೆ ಮುಟ್ಟುವಷ್ಟರಲ್ಲಿ ಕಡ್ಡಿಗಳು ತುಂಬಿದವು.

"ಬಂತೇನವಾ?"

"ಬಂತ್ರಿ."

ಮಾವ ಬಾಗಿಲಲ್ಲಿ ಕೈಮುಗಿದು ನಿಂತರು. "ದೇವರ ಮುಂದ ಇಟ್ಟಕೂಡ್ಲೆ ಬಂತ ನೋಡು. ನಾಳಿ ಇದಕ್ಕಿಂತ ದೊಡ್ಡದು ಮಾಡಿಸ್ತೇನಿ."