ಮುಚ್ಚಳ ಬಡಿದದ್ದು

ಚಹಾ ಉಕ್ಕಿ ಒಲೆಯ ಮೇಲೆ ಸುರಿಯುತ್ತಿದೆ, ಆರಿಸಬೇಕು, ಪಾತ್ರೆಯ ಮುಚ್ಚಳ ಇನ್ನೂ ಕೈಯಲ್ಲೇ, ಕೆಳಗಿಡಲು ಅಡುಗೆಯ ಬೊಸಿಬೋರಿಗೆ ತೋಚುತ್ತಿಲ್ಲ — ಗೇಟಿನಲ್ಲಿ ಪೊಲೀಸ್ ಜೀಪು ಕಂಡದ್ದಷ್ಟೇ, ಕೈ ತಾನಾಗಿಯೇ ಡಣಡಣ ಬಡಿದುಬಿಟ್ಟಿತು, ತಮ್ಮ ಕೇರಿಯಲ್ಲಿ ಪೊಲೀಸರು ಬಂದರೆ ಹೆಂಗಸರೆಲ್ಲ ಬಡಿಯುವ ಹಾಗೆ, ಸದ್ದು ಕೇಳಿದರೆ ಗಂಡಸರು ಓಡಬೇಕು, ತಪ್ಪು ಮಾಡಿರಲಿ ಬಿಡಲಿ, ಮೊದಲು ಓಡು, ಆಮೇಲೆ ಯೋಚಿಸು — ಆದರೆ ಇದು ಕೇರಿಯಲ್ಲ, ನೈರೋಬಿಯ ದೊಡ್ಡವರ ಬಡಾವಣೆ, ಇಲ್ಲಿಗೆ ಪೊಲೀಸರು ಚಹಾಕ್ಕೆ ಬರುತ್ತಾರೆ, ಕಾವಲಿನ ವಿಷಯ ಮಾತಾಡಲು ಗಥೋನಿ ಮೇಡಂ ತಾವೇ ಕರೆದದ್ದು, ನಾಲ್ಕು ಜನಕ್ಕೆ ಸಿಹಿ ಮಂದಾಜಿ ಕರಿದಿಡು ಅಂದಿದ್ದರು, ಬರುವವರು ಯಾರೆಂದು ಹೇಳಲಿಲ್ಲ, ಅವರಿಗೆ ಅದು ಹೇಳುವಂಥ ವಿಷಯವೇ ಅಲ್ಲ. ತೋಟದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮೊಗಾಕ, ಅವಳ ಗಂಡ, ಹಿಂತಿರುಗಿಯೂ ನೋಡದೆ ಗೋಡೆ ಹಾರಿದ. ಪಾಪ, ನಂಬಿದ. ಹೆಂಡತಿ ಬಡಿದಳು, ಓಡಿದ.

ತಪ್ಪು ಮಾಡದವನು ಯಾಕೆ ಓಡ್ತಾನೆ, ಮೇಡಂ ಕೇಳುತ್ತಿದ್ದಾರೆ, ಹೇಳು ನೋಡೋಣ, ಏನಾದ್ರೂ ಕದ್ದಿದ್ದಾನಾ — ಇಲ್ಲ ಮೇಡಂ, ಮೊಗಾಕನ ಅಣ್ಣನೂ ಕದ್ದಿರಲಿಲ್ಲ, ಬ್ರೆಡ್ ತರಲು ಹೋದವನು, ಜೀಪು ಬಂತು, ಓಡಲಿಲ್ಲ, ನಿಂತ, ನಾನೇನು ಮಾಡಿದ್ದೀನಿ ಅಂದ, ಹತ್ತಿಸಿಕೊಂಡು ಹೋದರು, ಅಷ್ಟೇ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ, ಮಕ್ಕಳನ್ನು ಅವನ ಹೆಂಡತಿ ಸಾಕಲಾರದೆ ಮೂರು ಮನೆಗೆ ಹಂಚಿದಳು — ಇದನ್ನೆಲ್ಲ ಮತ್ತೆ ಹೇಳಲು ಬೊಸಿಬೋರಿಗೆ ತ್ರಾಣವಿಲ್ಲ, ಹೇಳಿ ಹೇಳಿಯೇ ಸುಸ್ತು. ಆ ಸುದ್ದಿ ಕೇಳಿದ ದಿನ ಮೇಡಂ ಅಂದಿದ್ದರು, ನಿಮ್ಮ ಜನಕ್ಕೆ ಸಂಸಾರ ಉಳಿಸಿಕೊಳ್ಳೋಕೆ ಬರಲ್ಲ ನೋಡು, ಗಂಡಸರು ನಿಲ್ಲೋದೇ ಇಲ್ಲ. ನಿಂತವನೇ ಹೋದದ್ದು ಮೇಡಂ.

ಒಳಗೆ ಬಂದು ಕೂತ ಪೊಲೀಸ್ ಸಾಹೇಬ ಒಳ್ಳೆಯವನ ಹಾಗೆಯೇ ಇದ್ದಾನೆ, ಮಂದಾಜಿ ಮುರಿಯುತ್ತ ನಗುತ್ತಾನೆ, ಫೋನ್ ಮಾಡಮ್ಮ, ಬಾ ಅನ್ನು, ಎರಡು ಮಾತು ಕೇಳಿ ಬಿಟ್ಬಿಡ್ತೀವಿ. ಮಾಡು ಬೊಸಿಬೋರಿ, ಮೇಡಂ ಅನ್ನುತ್ತಾರೆ, ನಾನಿದ್ದೀನಲ್ಲ, ಇಲ್ಲಾಂದ್ರೆ ಅವನ ಹೆಸರು ಇವರಿಗೆ ಬರೆದುಕೊಡಬೇಕಾಗುತ್ತೆ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮೇಡಂ ಅದನ್ನು ಮನಸಾರೆ ಹೇಳುತ್ತಿದ್ದಾರೆ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದು ಹಗುರಾಗಬಹುದಿತ್ತು — ಫೋನು ಕಿವಿಯಲ್ಲಿ, ರಿಂಗ್ ಆಗುತ್ತಿದೆ, ಎತ್ತಬೇಡ, ದಮ್ಮಯ್ಯ, ಎತ್ತಬೇಡ — ಎತ್ತಿದ, ಏದುಸಿರು, ಮಗಳ ಹೆಸರು ಹಿಡಿದು ತನ್ನನ್ನು ಕರೆಯುವ ಅದೇ ದನಿ, ಕೆರುಬೋಳ ಅಮ್ಮಾ, ಪೊಲೀಸರು ಹೋದ್ರಾ? ಸಾಹೇಬ ಅಗಿಯುವುದನ್ನು ನಿಲ್ಲಿಸಿದ್ದಾನೆ, ಮೇಡಂ ತಲೆಯಾಡಿಸುತ್ತಿದ್ದಾರೆ, ಹೇಳು, ಹೇಳು, ಹೂಂ ಅಂದರೆ ಬರುತ್ತಾನೆ, ಊಹೂಂ ಅಂದರೆ ಇನ್ನು ಜೀವಮಾನವೆಲ್ಲ ಓಡುತ್ತಾನೆ, ಯಾವುದು ಮನೆ ಉಳಿಸುವ ಮಾತು, ಯಾವುದು — ಹೋದ್ರಾ? ನೀನಂದ್ರೆ ಬರ್ತೀನಿ, ಹೇಳೇ, ಹೋದ್ರಾ —